ಎಳೆ ಹರಿಯದ ನಡಿಗೆ

ಇಂದು ಗುಡಿಯಿಂದ ಬರುವಾಗ ಬನಹಟ್ಟಿಯ ಓಣಿಯಲ್ಲಿ ನೂಲಿನ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನಾನು ಚಿಕ್ಕವಳಿದ್ದಾಗ ಇದೇ ಓಣಿಯಲ್ಲಿ ಗೂಟ ನೆಟ್ಟು ಅವ್ವ ಮಗ್ಗಕ್ಕೆ ನೂಲು ಹಾಸುವಾಗ, ಎಳೆ ಹಿಡಿದು ಗೂಟದಿಂದ ಗೂಟಕ್ಕೆ ಬಿರಬಿರನೆ ನಡೆಯುವುದು ನನ್ನ ಕೆಲಸವಾಗಿತ್ತು. ಓಡಿದರೆ ಎಳೆ ಹರಿಯುತ್ತಿತ್ತು.

“ಕುದರಿಹಂಗ ಜಿಗೀಬ್ಯಾಡ ಬೇ, ಹಿಮ್ಮಡ ಊರಿ ನಡಿ!” ಎಂದು ಅವ್ವ ಕೂಗುತ್ತಿದ್ದಳು.

ಮುಂದೆ ಜಮಖಂಡಿಯಲ್ಲಿ ನನ್ನ ಮೊದಲ ವೇಗನಡಿಗೆ ಸ್ಪರ್ಧೆ; ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟರೆ ಅದು ಓಟ, ತಪ್ಪು. ಗೆದ್ದರಷ್ಟೇ ಮುಂದೆ ಆಟಕ್ಕೆ ಕಳಿಸುತ್ತೇನೆ ಎಂದಿದ್ದ ಅಪ್ಪ. ಓಡಿದೆನೆಂದು ತೀರ್ಪುಗಾರರು ಆಗಲೇ ಎರಡು ತಪ್ಪು ಹಿಡಿದಿದ್ದರು, ಇನ್ನೊಂದಾದರೆ ಹೊರಗೆ. ಕೊನೆಯ ಸುತ್ತಿನಲ್ಲಿ ಮುಧೋಳದ ಹುಡುಗಿ ನನ್ನನ್ನು ದಾಟಿದಳು.

“ಓಡ ಬೇ, ಓಡ!” ಗೆಳತಿಯರು ಚೀರಿದರು.

ಕಾಲು ನೆಲ ಬಿಡಲು ಹವಣಿಸುತ್ತಿತ್ತು. ಶಿವನೇ ಎಂದು ಮುಷ್ಟಿ ಬಿಗಿದೆ, ಒಳಗೆ ಎಳೆ ಇದ್ದಂತೆ. ಹಿಮ್ಮಡಿ ಊರಿಯೇ ನಡೆದೆ. ಎರಡನೆಯವಳಾದೆ.

ಅಪ್ಪ ಮುಖ ತಿರುಗಿಸಿದ. ಅವ್ವ ಬಿಡಲಿಲ್ಲ: “ಎಳಿ ಹರೀಲಿಲ್ಲಲ್ರೀ. ಆಟಕ್ಕ ಹೋಗ್ಲಿ ಆಕಿ.”

ವರ್ಷಗಟ್ಟಲೆ ನಡೆದೆ. ಈಗ ಆಟ ಬಿಟ್ಟಿದ್ದೇನೆ. ಆದರೂ ಇಂದು ಆ ಓಣಿಯಲ್ಲಿ ಮುಷ್ಟಿ ತಾನಾಗಿಯೇ ಬಿಗಿಯಿತು.