ಮೂತಿಗೆ ಕಟ್ಟಿದ ನಿಂಬೆಕಾಯಿ

ಮೊನ್ನೆ ಹರಪನಹಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ಮದುಮಕ್ಕಳ ಹೆಸರನ್ನು ಥರ್ಮಾಕೋಲಿನಲ್ಲಿ ಕತ್ತರಿಸುತ್ತಿದ್ದರು. ಕಾದ ತಂತಿ ಬಿಳಿ ಹಾಳೆಯೊಳಗೆ ಇಳಿದಾಗ ಏಳುವ ಆ ಸುಟ್ಟ ವಾಸನೆಗೆ ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದು ದಾಟುತ್ತಿದ್ದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ನಿಮಗೂ ಹೀಗೆ ಯಾವುದೋ ಒಂದು ಕೆಟ್ಟ ವಾಸನೆ ಪ್ರಿಯವಾಗಿರಬಹುದು, ಸೀಮೆಎಣ್ಣೆಯದೋ, ಹಳೆಯ ಟ್ರಂಕಿನದೋ. ನನಗೆ ಥರ್ಮಾಕೋಲ್ ಸುಟ್ಟರೆ ನಮ್ಮ ಹಳೆಯ ಮನೆಯ ಹಿತ್ತಲ ಕೋಣೆ, ಅಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತ ಕಾಕ, ಆ ಬಾಗಿಲಿಗೆ ಒಂದು ಕಿವಿ ಕೊಟ್ಟೇ ರೊಟ್ಟಿ ಬಡಿಯುತ್ತಿದ್ದ ಅಜ್ಜಿ, ಎಲ್ಲ ಒಟ್ಟಿಗೆ ಬಂದುಬಿಡುತ್ತವೆ.

ಕಾಕ ನಮ್ಮಪ್ಪನ ತಮ್ಮ. ಕೊಟ್ಟೂರಿನ ರಸ್ತೆಯಲ್ಲಿ ಹೊಸ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮೂಳೆ ಕೂಡಿತು, ಡಾಕ್ಟರು ನಡೆಯಿರಿ ಎಂದರು, ಅವನು ನಡೆಯಲಿಲ್ಲ. ಕೋಲೂರಿಕೊಂಡು ಬಚ್ಚಲಿಗೆ ಹೋಗಿ ಬಂದರೆ ಅದೇ ಅವನ ಲೋಕಸಂಚಾರ. ತಾನು ಕುಂಟುವುದನ್ನು ಓಣಿಯವರು ನೋಡುತ್ತಾರೆಂದು ಅವನಿಗೆ ನಾಚಿಕೆ. ಒಂದು ದಿನ ಕೆಟ್ಟುಹೋದ ನನ್ನ ರಿಮೋಟ್ ಕಾರನ್ನು ರಿಪೇರಿಗೆಂದು ಅವನ ಮುಂದೆ ಇಟ್ಟೆ. ಬಿಚ್ಚಿದವನು ಮತ್ತೆ ಜೋಡಿಸಲೇ ಇಲ್ಲ, ಆಟಿಕೆ ವಿಮಾನ ಮಾಡುವ ಹುಚ್ಚು ಹತ್ತಿಸಿಕೊಂಡ. ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿಯ ಪೀರಣ್ಣ, ಅವನ ಜೀವದ ಗೆಳೆಯ, ಹುಬ್ಬಳ್ಳಿಯಿಂದ ಹೆಬ್ಬೆರಳಿನಷ್ಟು ದೊಡ್ಡ ಮೋಟರು, ಒಳ್ಳೆಯ ರಿಮೋಟು ತರಿಸಿಕೊಟ್ಟ. ಮದುವೆ ಮಂಟಪದಲ್ಲಿ ಉಳಿದ ಥರ್ಮಾಕೋಲು ರೆಕ್ಕೆಯಾಯಿತು, ರೆಕ್ಕೆಗೆ ಕಸಬರಿಗೆಯ ಕಡ್ಡಿ ಎಲುಬಾಯಿತು. ದಿನದಿನಕ್ಕೆ ತೆಳ್ಳಗಾಗುತ್ತಿದ್ದ ಕಸಬರಿಗೆ ಹಿಡಿದು ಅಂಗಳ ಗುಡಿಸುತ್ತ ಅಜ್ಜಿ ಅವನನ್ನು ಬೈಯಲಿಲ್ಲ. ನನಗಷ್ಟೇ ಕೇಳುವಂತೆ, “ವಿಮಾನ ಮನಿ ಒಳಗ ಹಾರಂಗಿಲ್ಲಲ್ಲ ಬೇ. ಹೊರಗ ಬರಾಕ ಬೇಕಲ್ಲ ಅಂವ,” ಎಂದಳು. ನಮ್ಮ ಅಜ್ಜಿಯ ಲೆಕ್ಕಾಚಾರ ಇಂಥದ್ದು.

ಯಾರೂ ಏಳುವ ಮೊದಲೇ ಪೀರಣ್ಣ ಆಟೋ ತರುತ್ತಿದ್ದ. ಉಚ್ಚಂಗಿದುರ್ಗದ ಕಡೆ ಮೆಕ್ಕೆಜೋಳ ಕೊಯ್ದು ಬಯಲಾದ ಒಂದು ಹೊಲ, ಮಂಜಿನಲ್ಲಿ ದೂರದ ಗುಡ್ಡ, ಒದ್ದೆ ಮಣ್ಣಿನ ಮತ್ತು ಜೋಳದ ಕೂಳೆಯ ವಾಸನೆ. ಕಾಕ ಆಟೋದಿಂದ ಇಳಿಯದೆ ಅಲ್ಲೇ ರಿಮೋಟು ಹಿಡಿದು ಕೂರುವನು, ಪೀರಣ್ಣ ವಿಮಾನ ಎಸೆಯುವನು. ಅದು ಮೂತಿ ಮೇಲೆತ್ತಿ, ಒಂದು ಗಳಿಗೆ ಗಾಳಿಯಲ್ಲಿ ನಿಂತಂತೆ ಮಾಡಿ, ಬಾಲದ ಮೇಲೆ ಕೂತು ಬೀಳುವುದು. ಓಡಿಹೋಗಿ ಚೂರು ಆಯ್ದು ತರುವ ಕೆಲಸ ನನ್ನದು. ಎರಡನೆಯದೂ ಹಾಗೇ ಬಿದ್ದಾಗ ಕಾಕ, “ಇನ್ನೊಂದು ಮಾಡ್ತೀನಿ ಪೀರ್ಯಾ. ಅದೂ ಬಿತ್ತಂದ್ರ ಮತ್ತ ನನ್ನ ಕರಿಯಾಕ ಬರಬ್ಯಾಡ,” ಎಂದ. ಆ ಮಾತನ್ನು ಒಂದಕ್ಷರ ಬಿಡದೆ ಅಜ್ಜಿಗೆ ವರದಿ ಒಪ್ಪಿಸಿದೆ.

ಮೂರನೆಯದು ಸಿದ್ಧವಾದ ಮುಂಜಾನೆ ಅಜ್ಜಿ ಎಲ್ಲರಿಗಿಂತ ಮೊದಲು ಆಟೋ ಏರಿ ಕೂತಿದ್ದಳು. ಹೊಲ ತಲುಪಿದೊಡನೆ ರೆಕ್ಕೆಗಳ ಮೇಲೆ ವಿಭೂತಿ ಎಳೆದಳು. ಆಮೇಲೆ ಮಡಿಲಿನಿಂದ ಹಿತ್ತಲ ಗಿಡದ್ದೊಂದು ಎಳೆ ನಿಂಬೆಕಾಯಿ, ಕರಿದಾರ ತೆಗೆದಳು. ಕಾಕ ಕಂಗಾಲಾದ.

“ಅವ್ವಾ, ಇದು ಹಗೂರ ಇದ್ರಷ್ಟ ಹಾರ್ತೈತಿ. ಭಾರ ಆಕ್ಕತಿ, ಬ್ಯಾಡ.”

“ನಿನ್ನ ಬೈಕಿಗೆ ಅವತ್ತು ನಾ ನಿಂಬಿಕಾಯಿ ಕಟ್ಟಲಿಲ್ಲ,” ಎಂದಳು ಅಜ್ಜಿ. “ಇದಕ್ಕ ಕಟ್ಟದ ಬಿಡಾಕಿ ಅಲ್ಲ.”

ಅಷ್ಟು ದಿನ ಆ ಮಾತನ್ನು ಅವಳು ಒಳಗೇ ಇಟ್ಟುಕೊಂಡಿದ್ದಳೆಂದು ನಮಗೆ ಗೊತ್ತಾದದ್ದೇ ಆಗ. ಕಾಕ ತಾನೇ ವಿಮಾನ ಹಿಡಿದುಕೊಟ್ಟ. ಮುಂದೆ ತಿರುಗುವ ಫ್ಯಾನು ತಾಗದಂತೆ ಮೂತಿಯ ಅಡಿಗೆ ಅವಳು ನಿಂಬೆಕಾಯಿ ಬಿಗಿದಳು. ಇನ್ನು ಇದರ ಕಥೆ ಮುಗಿಯಿತು ಎಂಬ ಮುಖ ಮಾಡಿಕೊಂಡು ಪೀರಣ್ಣ ಎಸೆದ. ಅದು ಮೂತಿ ಎತ್ತಲಿಲ್ಲ. ನೆಟ್ಟಗೆ ಹೋಯಿತು, ಹೊಲದ ತುದಿಯ ಬೇವಿನ ಮರದ ಮೇಲೆ ಏರಿತು, ತಿರುಗು ಎಂದರೆ ತಿರುಗಿತು. ವಿಭೂತಿ ಬಳಿದುಕೊಂಡು, ನಿಂಬೆಕಾಯಿ ಕಟ್ಟಿಸಿಕೊಂಡು ಹಾರಿದ ಅಂಥ ವಿಮಾನವನ್ನು ನಾನು ಮತ್ತೆ ಕಂಡಿಲ್ಲ. ಪೀರಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಬಾಲ ಭಾರ ಆಗಿತ್ತಲೇ. ಇಷ್ಟ ದಿನ ಹಗೂರ ಹಗೂರ ಅಂತ ಮೂತೀನ ಕೆತ್ತಿದ್ವಿ. ಅವ್ವಾರು ಸರಿ ಮಾಡ್ಯಾರ ನೋಡು.” ಅಜ್ಜಿ, “ಭಾರ ಗೀರ ನನಗ ಗೊತ್ತಿಲ್ಲಪಾ, ದೃಷ್ಟಿ ಬಿಡ್ತು,” ಎಂದಳು.

ವಿಮಾನ ದೂರದ ಸಾಲಿನಲ್ಲಿ ಮೆತ್ತಗೆ ಇಳಿಯಿತು. ನಾನು ಓಡಲು ಅಣಿಯಾಗಿದ್ದೆ. ಕಾಕ ರಿಮೋಟನ್ನು ನನ್ನ ಕೈಗಿಟ್ಟು, ಕೋಲು ತೆಗೆದುಕೊಂಡು, ತಾನೇ ಹೊರಟ. ಹೆಂಟೆಗಳ ಮೇಲೆ ತಡವರಿಸುತ್ತ, ಕುಂಟುತ್ತ, ಹೊಲದ ಆ ತುದಿಯವರೆಗೆ. ಅಷ್ಟು ಹೊತ್ತಿಗೆ ದಾರಿಯಲ್ಲಿ ಎತ್ತು ಹೊಡೆದುಕೊಂಡು ಹೊರಟವರು ನಿಂತು ನೋಡುತ್ತಿದ್ದರು, ಅವನು ಲೆಕ್ಕಿಸಲಿಲ್ಲ. ಆಮೇಲೆ ನನಗೊಂದು ನೆನಪಾಯಿತು. ವಿಮಾನ ಮೇಲಿದ್ದಷ್ಟು ಹೊತ್ತೂ ಅಜ್ಜಿ ಆಕಾಶದ ಕಡೆ ಕತ್ತೆತ್ತಿರಲೇ ಇಲ್ಲ, ಮಗನನ್ನೇ ನೋಡುತ್ತಿದ್ದಳು.

ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ, ನಿಂಬೆಗಿಡವಿದ್ದಲ್ಲಿ ಬೈಕು ನಿಲ್ಲಿಸುತ್ತಾರೆ. ಅಜ್ಜಿಯೂ ಇಲ್ಲ. ಅವಳ ರೊಟ್ಟಿಯ ಸದ್ದು ಇಂದಿಗೂ ಬೇಕೆನಿಸುತ್ತದೆ, ಎಲ್ಲಿಂದ ತರಲಿ? ಆದರೆ ಪೀರಣ್ಣನ ಅಂಗಡಿಯ ಹಿಂದೆ ಭಾನುವಾರ ಓಣಿಯ ಮಕ್ಕಳು ಸೇರುತ್ತಾರೆ, ಕಾಕ ಅವರಿಗೆ ರೆಕ್ಕೆ ಕೊಯ್ಯಲು ಕಲಿಸುತ್ತಾನೆ. ಮೂತಿಯ ತೂಕ ಸರಿಮಾಡಲು ಈಗ ಜೇಡಿಮಣ್ಣಿನ ಉಂಡೆ ಅಂಟಿಸುತ್ತಾರೆ. ಅದಕ್ಕೆ ನಮ್ಮೂರಲ್ಲಿ ಹೆಸರು ನಿಂಬೆಕಾಯಿ. ಯಾಕೆಂದು ಆ ಮಕ್ಕಳಿಗೆ ಗೊತ್ತಿಲ್ಲ, ಕೇಳಿದವರೂ ಇಲ್ಲ.

ಕಳೆದ ಭಾನುವಾರ ಅದೇ ಹೊಲಕ್ಕೆ ಹೋಗಿದ್ದೆವು. ನನ್ನ ಮಗಳು ತಾನೇ ಮಾಡಿದ ವಿಮಾನವನ್ನು ಎರಡು ಬೆರಳ ಮೇಲೆ ತೂಗಿ ನೋಡಿ, “ಅಜ್ಜಾ, ಇನ್ನೊಂಚೂರು ನಿಂಬಿಕಾಯಿ ಬೇಕ್ರಿ,” ಎಂದಳು. ಕಾಕ ಒಂದು ಚಿಟಿಕೆ ಮಣ್ಣು ಕೊಟ್ಟ. ಅವಳು ಅಂಟಿಸಿದಳು, ಅವನು ಎಸೆದ, ಅದು ಏರಿತು. “ಅಮ್ಮಾ, ನೋಡು ಮ್ಯಾಲ,” ಎಂದು ಅವಳು ಕರೆಯುತ್ತಲೇ ಇದ್ದಳು. ನಾನು ಅವಳನ್ನೇ ನೋಡುತ್ತಿದ್ದೆ.