ಮೆಟ್ಟಿಲ ತಿರುವಿನ ಗಂಟು

ನಾನು ಮೋಹನ್‌ಬಾಬು. ಶಿಡ್ಲಘಟ್ಟದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಹೇಳುತ್ತಾರೆ, ಸುಳ್ಳೇನಲ್ಲ. ಸಂಘಮಿತ್ರಳ ಬಗ್ಗೆ ಬರೆಯಲು ಕೂತರೆ ಮಾತ್ರ ಆ ಕೋಪ ನನ್ನ ಮೇಲೇ ತಿರುಗುತ್ತದೆ.

ಅವಳು ನಮ್ಮಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಸೇರಿದ್ದು 2008ರಲ್ಲಿ. ಚಿಂತಾಮಣಿಯಲ್ಲಿ ಡಿಪ್ಲೊಮಾ ಮುಗಿಸಿದ್ದಳು. ಅವಳ ಅಪ್ಪ ವೆಂಕಟರವಣಪ್ಪ ಊರಿನ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಮೂವತ್ತು ವರ್ಷದಿಂದ ಲಡಿ ಕಟ್ಟುವವರು. ಸುತ್ತಿದ ನೂಲನ್ನು ತಿರುಚಿ, ಅದೇ ನೂಲಿನ ಎಳೆಯಿಂದ ಬಿಗಿದು ಗಂಟು ಹಾಕಿದರೆಂದರೆ ಆ ಲಡಿ ಎಲ್ಲಿಗೆ ಹೋದರೂ ಬಿಚ್ಚುತ್ತಿರಲಿಲ್ಲ. ಒಂದೇ ಗಂಟು. ಎರಡನೆಯದು ಹಾಕುವವನಿಗೆ ಮೊದಲನೆಯದು ಬರಲಿಲ್ಲ ಅಂತ ಅರ್ಥ ಎಂದು ನಗುತ್ತಿದ್ದರು. ಮಗಳಿಗೆ ಹೆಸರಿಟ್ಟವರೂ ಅವರೇ. "ಅಶೋಕನ ಮಗಳ ಹೆಸ್ರು ಸಾರ್, ಸಮುದ್ರ ದಾಟಿ ಹೋದೋಳು. ನಮ್ಮೋಳು ಚಿಂತಾಮಣಿವರೆಗೂ ಹೋಗಿ ಬಂದವ್ಳೆ" ಎನ್ನುತ್ತಿದ್ದರು.

ಎಕ್ಸ್‌ರೇ ಫಿಲ್ಮುಗಳನ್ನು ಬಿಟ್ಟು ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲೇ ಇಡೋಣ ಎಂದು ಆಸ್ಪತ್ರೆಯ ಯಜಮಾನರಾದ ಡಾಕ್ಟರ್ ಚಲಪತಿಯವರನ್ನು ಒಪ್ಪಿಸಿದ್ದು ಸಂಘಮಿತ್ರ. ಅದಕ್ಕೆ ಡಿಸ್ಕುಗಳ ಒಂದು ಪೆಟ್ಟಿಗೆ ಬಂತು. ಕೆಳಗೆ ಧೂಳು, ಜನ. ಹಾಗಾಗಿ ಪೆಟ್ಟಿಗೆಯನ್ನು ಮಹಡಿಯ ತಣ್ಣನೆಯ ಕೋಣೆಯಲ್ಲಿಟ್ಟು, ಮೆಟ್ಟಿಲ ಪಕ್ಕದಲ್ಲಿ ಒಂದು ಕೇಬಲ್ ಇಳಿಸಿ ಕೆಳಗಿನ ಸರ್ವರ್ ಕಂಪ್ಯೂಟರಿಗೆ ಜೋಡಿಸಿದರು. ಡಿಸ್ಕು ಮೇಲಿದ್ದರೂ ಸರ್ವರು ಅದನ್ನು ತನ್ನ ಹೊಟ್ಟೆಯೊಳಗೇ ಇದೆ ಎಂದುಕೊಂಡು ಕೆಲಸ ಮಾಡುತ್ತದಂತೆ. ಕೇಬಲ್ ಜೋತಾಡದಂತೆ ಕಂಬಿಗೆ ಕಟ್ಟಿಕೊಟ್ಟವರು ವೆಂಕಟರವಣಪ್ಪ, ಮನೆಯಿಂದ ತಂದ ರೇಷ್ಮೆ ನೂಲಿನಿಂದ. ಮಗಳು ಕೈಕಟ್ಟಿ ನಿಂತು ನೋಡಿದಳು. ಅವತ್ತು ಅಪ್ಪ ಮಗಳಿಬ್ಬರ ಮುಖದಲ್ಲೂ ಮದುವೆ ಮನೆಯ ಕಳೆ.

ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಚಿತ್ರ ತೆರೆಯುವುದು ನಿಧಾನವಾಯಿತು. ಮೊದಲು ಅರ್ಧ ನಿಮಿಷ, ಆಮೇಲೆ ಎರಡು, ಆಮೇಲೆ ಆರು ನಿಮಿಷ. ವಿಚಿತ್ರವೆಂದರೆ ನಾನು ಹೊಸ ಚಿತ್ರ ಕಳಿಸಿದರೆ ಚಕ್ಕನೆ ಒಳಗೆ ಹೋಗುತ್ತಿತ್ತು. ವಾಪಸು ತೆಗೆಯುವಾಗ ಮಾತ್ರ ಪೆಟ್ಟಿಗೆ ಮೊಂಡುಬೀಳುತ್ತಿತ್ತು. ಸಾದಲಿಯಿಂದ ಸೊಂಟ ಮುರಿದುಕೊಂಡು ಬಂದ ಅಜ್ಜಿಯೊಬ್ಬರನ್ನು ಮಲಗಿಸಿಕೊಂಡು, ಹಳೆಯ ಚಿತ್ರಕ್ಕಾಗಿ ಡಾಕ್ಟರು ಪರದೆಯ ಮುಂದೆ ಕಾದು ಕಾದು ಕೆಂಪಾದರು.

"ಶನಿವಾರದೊಳಗೆ ಸರಿ ಹೋಗ್ಬೇಕಮ್ಮ. ಇಲ್ಲಾಂದ್ರೆ ಈ ಪೆಟ್ಟಿಗೇನೂ ವಾಪಸ್ಸು, ನೀನೂ ಬೇರೆ ಕಡೆ ನೋಡ್ಕೋ" ಎಂದುಬಿಟ್ಟರು.

ಅವಳ ಮುಖ ಸುಣ್ಣದಂತಾಯಿತು. ಅಷ್ಟು ನೇರವಾಗಿ ಹೇಳುತ್ತಾರೆಂದು ನಾನೂ ಎಣಿಸಿರಲಿಲ್ಲ.

ಮೂರು ದಿನ ಅವಳು ಡಿಸ್ಕುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಎಲ್ಲವೂ ಗಟ್ಟಿ. ಸರ್ವರಿನ ಸೆಟ್ಟಿಂಗು ಬದಲಾಯಿಸಿದಳು, ಅದೇ ಹಾಡು. "ಕೇಬಲ್ ನೋಡಿದ್ಯೇನಮ್ಮ?" ಎಂದು ನಾನೇ ಕೇಳಿದೆ.

"ಎರಡು ಕಡೆನೂ ಹಸಿರು ದೀಪ ಉರೀತಿದೆ ಸಾರ್. ಅಲ್ದೆ ಅದು ನಮ್ಮಪ್ಪ ಕಟ್ಟಿರೋದು, ಅದ್ರಲ್ಲೇನಿರತ್ತೆ?" ಎಂದಳು.

ಶುಕ್ರವಾರ ಬೆಳಿಗ್ಗೆ ತನ್ನ ಲ್ಯಾಪ್‌ಟಾಪ್ ಹೊತ್ತುಕೊಂಡು ಮಹಡಿಗೆ ಹೋಗಿ, ಒಂದು ಮೊಳದ ತುಂಡು ಕೇಬಲ್ಲಿನಲ್ಲಿ ನೇರವಾಗಿ ಪೆಟ್ಟಿಗೆಗೆ ಜೋಡಿಸಿದಳು. ಚಿತ್ರ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಹಿಂದೆಯೇ ಹೋಗಿದ್ದ ನಾನೂ ನೋಡಿದೆ. ವಾರದಿಂದ ಎಲ್ಲರೂ ಬೈದ ಪೆಟ್ಟಿಗೆಯಲ್ಲಿ ತಪ್ಪೇ ಇರಲಿಲ್ಲ!

ಕೆಳಗೆ ಓಡಿ ಬಂದು ಸರ್ವರಿನಲ್ಲಿ ಒಂದು ಲೆಕ್ಕ ತೆಗೆದಳು. ಚಿತ್ರ ಕೇಬಲ್ಲಿನಲ್ಲಿ ಚೂರು ಚೂರಾಗಿ ಬರುತ್ತದಂತೆ. ಮೇಲಿನಿಂದ ಬಂದ ಚೂರುಗಳಲ್ಲಿ ಎಷ್ಟು ಕೆಟ್ಟು ಬಂದಿವೆ ಎಂದು ಅದು ತೋರಿಸುತ್ತದೆ. ಕೆಟ್ಟ ಚೂರನ್ನು ಸರ್ವರು ಎಸೆದು ಅದನ್ನೇ ಮತ್ತೆ ಕೇಳಬೇಕು, ಅದಕ್ಕೇ ಅಷ್ಟು ಹೊತ್ತು. ಚಿತ್ರ ಕಳಿಸಿದಾಗ ಆ ಸಂಖ್ಯೆ ಅಲುಗಲಿಲ್ಲ. ಚಿತ್ರ ತೆರೆದಾಗ ಒಂದೇ ಸಲಕ್ಕೆ ಸಾವಿರಾರು ಏರಿತು. ಕೇಬಲ್ಲಿನೊಳಗೆ ಹೋಗಲು ಒಂದು ಜೋಡಿ ತಂತಿ, ಬರಲು ಇನ್ನೊಂದು ಜೋಡಿ ಎಂದು ಅವಳೇ ನನಗೆ ಬಿಡಿಸಿ ಹೇಳಿದಳು. ಬರುವ ಜೋಡಿಗೇ ಪೆಟ್ಟಾಗಿತ್ತು. ಹೇಳುತ್ತಲೇ ಎದ್ದು ಕೇಬಲ್ಲಿನ ಜಾಡು ಹಿಡಿದು ಹೊರಟಳು.

ಪೆಟ್ಟಾದ ಜಾಗ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿತು. ನೂಲು ದಿನ ಕಳೆದಂತೆ ಕೇಬಲ್ಲಿನ ಮೈಯೊಳಕ್ಕೆ ಇಳಿದು ಕಚ್ಚಿ ಕೂತಿತ್ತು. ಕತ್ತರಿಯಲ್ಲಿ ಸಿಪ್ಪೆ ಸೀಳಿದರೆ ಒಳಗಿನ ತಂತಿ ಚಪ್ಪಟೆಯಾಗಿ ಬಿರುಕು ಬಿಟ್ಟಿದೆ. ಅಷ್ಟು ಹೊತ್ತಿಗೆ ಡಾಕ್ಟರು ಬಂದರು. ಮಗಳಿಗೆ ದಿನಾ ಊಟ ತರುವ ವೆಂಕಟರವಣಪ್ಪನೂ ಬುತ್ತಿ ಹಿಡಿದು ಅದೇ ಮೆಟ್ಟಿಲು ಹತ್ತಿದರು.

ಸಂಘಮಿತ್ರ ಏನನ್ನೂ ಮುಚ್ಚಲಿಲ್ಲ. "ಕಟ್ಟಿದ್ದು ನಮ್ಮಪ್ಪ ಸಾರ್. ನೋಡ್ಕೊಂಡು ಸುಮ್ನಿದ್ದೋಳು ನಾನು" ಎಂದಳು. ಆಮೇಲೆ ಕತ್ತರಿಸಿದ ನೂಲನ್ನು ಬೆಳಕಿಗೆ ಹಿಡಿದು ಅಪ್ಪನ ಕಡೆ ತಿರುಗಿದಳು. "ಇಲ್ಲಿ ಎರಡು ಗಂಟು ಐತೆ. ಒಂದರ ಮೇಲೊಂದು. ಎರಡನೇದು ಯಾಕಪ್ಪಾ?"

ಯಾಕೆಂದು ನನಗೆ ಗೊತ್ತಿತ್ತು. ಪೆಟ್ಟಿಗೆ ಬಂದ ಮರುವಾರ ಆ ತಿರುವಿನಲ್ಲಿ ಕೇಬಲ್ಲಿಗೆ ಕಾಲು ಸಿಕ್ಕಿ ಎಡವಿದವನು ನಾನು. ಬುತ್ತಿ ಕೊಟ್ಟು ಹೊರಟಿದ್ದ ವೆಂಕಟರವಣಪ್ಪನನ್ನು ನಿಲ್ಲಿಸಿ, "ಏನ್ ಕಟ್ಟಿದ್ದೀಯಪ್ಪಾ, ಅಲ್ಲಾಡದ ಹಾಗೆ ಬಿಗಿ" ಎಂದು ರೇಗಿದ್ದೆ. ಬಿಗಿದರೆ ಕೇಬಲ್ಲಿಗೆ ನೋವಾಗಲ್ವ ಸಾರ್ ಎಂದು ಅವರು ಕೇಳಿದ್ದರು. ಹೇಳಿದಷ್ಟು ಮಾಡು ಎಂದಿದ್ದೆ.

ವೆಂಕಟರವಣಪ್ಪ ನನ್ನನ್ನು ಒಂದು ಸಲ ನೋಡಿದರು. "ನಾನೇ ಕಣಮ್ಮಾ. ನಂಗೇ ಯಾಕೋ ಸಮಾಧಾನ ಆಗ್ಲಿಲ್ಲ, ಮತ್ತೆ ಬಿಗಿದೆ. ತಪ್ಪಾಯ್ತು ಸಾರ್" ಎಂದು ಡಾಕ್ಟರಿಗೆ ಕೈ ಮುಗಿದರು.

ನಾನು ಬಾಯಿ ಬಿಡಲಿಲ್ಲ. ಮೂಗಿನ ತುದಿಯ ಕೋಪಿಷ್ಠನಿಗೆ ಆ ಒಂದು ಮಾತಿಗೆ ನಾಲಿಗೆ ಬರಲಿಲ್ಲ. ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯ.

"ಇವರು ಇನ್ನು ಮೆಟ್ಟಿಲು ಹತ್ತೋದು ಬೇಡ. ನಿನ್ನ ಕೆಲಸದ ವಿಷಯ ನಾಳೆ ಹೇಳ್ತೀನಿ" ಎಂದು ಡಾಕ್ಟರು ಹೋದರು. ವೆಂಕಟರವಣಪ್ಪ ಬುತ್ತಿಯನ್ನು ಮೆಟ್ಟಿಲ ಮೇಲೇ ಇಟ್ಟು ಇಳಿದರು.

ಶನಿವಾರ ಹೊಸ ಕೇಬಲ್ ಬಂತು. ಚಿತ್ರಗಳು ಥಟ್ಟನೆ ತೆರೆಯುತ್ತಿದ್ದವು. ಸಂಘಮಿತ್ರ ತನ್ನ ಮೇಜಿನ ಸಾಮಾನನ್ನು ಒಂದು ಚೀಲಕ್ಕೆ ತುಂಬಿಟ್ಟುಕೊಂಡು ಕೂತಿದ್ದಳು. ಇನ್ನು ತಡೆಯಲಾಗಲಿಲ್ಲ. ಎದುರಿಗೆ ನಿಂತು, "ಅದನ್ನ ಬಿಗಿಸಿದ್ದು ನಾನಮ್ಮ. ನಿಮ್ಮಪ್ಪ ಸುಳ್ಳು ಹೇಳಿದ್ರು" ಎಂದೆ.

ಅವಳು ತಲೆ ಎತ್ತಿದಳು. ಬೆರಗೇನೂ ಕಾಣಲಿಲ್ಲ.

"ಗೊತ್ತು ಸಾರ್. ನಮ್ಮಪ್ಪ ತಾನಾಗಿ ಗಂಟಿನ ಮೇಲೆ ಗಂಟು ಹಾಕೋರಲ್ಲ. ನಿನ್ನೆ ಅವ್ರು ನಿಮ್ಮ ಮುಖ ನೋಡಿದ್ದನ್ನ ನಾನೂ ಕಂಡೆ. ನೀವು ಡಾಕ್ಟ್ರಿಗೆ ಹೇಳ್ತೀರಾಂತ ನಿನ್ನೆಯಿಂದ ಕಾಯ್ತಾ ಇದೀನಿ."

ನಾನು ಡಾಕ್ಟರ ಕೋಣೆಯ ಬಾಗಿಲು ತಟ್ಟಿದೆ.