ಗೋಡೆಯಾಚೆ ಕೂತಿದ್ದ ಅವ್ವ

ಅಂಧೇರಿಯ ಆಫೀಸಿನಲ್ಲಿ ಗುಂಡು ಹಾರಿಸುವ ವಿಡಿಯೋ ಗೇಮ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಆಟ ನಡೆಯುವ ಜಾಗದ, ಅಂದರೆ ಮ್ಯಾಪಿನ, ಗಡಿಗೋಡೆಯಲ್ಲಿ ಆಟಗಾರರು ನುಸುಳುವಂಥ ಸಂದು ಎಲ್ಲಿದೆ ಎಂದು ಹುಡುಕಬೇಕು. ಮೊನ್ನೆ ಆಟದೊಳಗಿನ ಧಾರಾವಿಯಂಥ ಗಲ್ಲಿಯೊಂದರಲ್ಲಿ ಹಾಗೆ ನುಸುಳಿದರೆ, ಗೋಡೆಯಾಚೆ ನನ್ನ ಅವ್ವ ಚರ್ಮ ಕತ್ತರಿಸುತ್ತ ಕೂತಿದ್ದಳು! ಕನ್ನಡಕಕ್ಕೆ ಕಟ್ಟಿಕೊಂಡ ಹಸಿರು ದಾರವೂ ಹಾಗೇ ಇತ್ತು. ಹಬ್ಬದೂಟಕ್ಕೆ ನಮ್ಮ ಮನೆಗೆ ಬಂದಿದ್ದ ಡಿಸೈನರ್, ಮಂಗಳೂರಿನ ಸುರೇಶ, ಅವಳ ಫೋಟೊ ತೆಗೆದುಕೊಂಡಿದ್ದ; ಅದನ್ನೇ ಗೇಮಿಗೆ ಹಾಕಿದ್ದ.

“ಅದು ಅಡಗಿಸಿಟ್ಟ ವಸ್ತು ಮಾರಾಯ. ಹುಡುಕಿ ಗುಂಡು ಹೊಡೆದವರಿಗೆ ಬೋನಸ್. ಗಡಿಯಾಚೆ ಎಷ್ಟು ಜನ ಹೋಗ್ತಾರೆ?” ಎಂದು ನಕ್ಕ.

“ವಸ್ತು ಅಲ್ಲಲೇ, ನಮ್ಮವ್ವ! ಆಕಿ ಮಾಡಿದ ರೊಟ್ಟಿ ತಿಂದು ಆಕಿಗೇ ಗುಂಡು ಹೊಡಸ್ತಿಯೇನ?” ನನ್ನ ಕೂಗಿಗೆ ಇಡೀ ಆಫೀಸು ಎದ್ದು ನಿಂತಿತು.

ಸಂಜೆಯೊಳಗೆ ಅವ್ವನನ್ನು ಗೇಮಿನಿಂದ ತೆಗೆದ. ಆ ಜಾಗದಲ್ಲಿ ಅವನ ಮುಖವನ್ನೇ ಇಡಿ ಎಂದು ನಾನು ಕಂಪನಿಗೆ ಬರೆದ ದೂರಿಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.